ಕೆಂಪು ಡಬ್ಬ ಎದ್ದುಹೋದ ವರ್ಷ: ಡೆನ್ಮಾರ್ಕಿನ ಡಿಜಿಟಲ್ ಅಂಚೆ ಹೇಗಿದೆ?

2025ರ ಡಿಸೆಂಬರ್ 30ರಂದು ಡೆನ್ಮಾರ್ಕಿನಲ್ಲಿ ಪೋಸ್ಟ್‌ನೋರ್ಡ್ ಸಂಸ್ಥೆ ತನ್ನ ಕೊನೆಯ ಕಾಗದ ಹಂಚಿತು. 1624ರ ಡಿಸೆಂಬರ್ 24ರಂದು ನಾಲ್ಕನೇ ಕ್ರಿಶ್ಚಿಯನ್ ದೊರೆಯ ಆಜ್ಞೆಯಿಂದ ಶುರುವಾದ ಸರ್ಕಾರಿ ಪತ್ರ ಬಟವಾಡೆ ಅಲ್ಲಿಗೆ ಮುಗಿಯಿತು. ಬೀದಿ ಮೂಲೆಗಳಲ್ಲಿ ಉಳಿದಿದ್ದ 1,500 ಕೆಂಪು ಡಬ್ಬಗಳನ್ನು ಆ ವರ್ಷದ ಜೂನ್‌ನಿಂದಲೇ ಕಿತ್ತು ಒಯ್ಯತೊಡಗಿದ್ದರು. ಸಹಾಯಾರ್ಥ ಮಾರಾಟಕ್ಕೆ ಇಟ್ಟಾಗ ಸಾವಿರ ಡಬ್ಬಗಳು ಮೂರು ಗಂಟೆಯಲ್ಲಿ ಖಾಲಿ. ಚೆನ್ನಾಗಿದ್ದದ್ದಕ್ಕೆ 2,000 ಕ್ರೋನರ್ (ಡೆನ್ಮಾರ್ಕಿನ ಹಣ), ಬಣ್ಣ ಹೋದದ್ದಕ್ಕೆ 1,500. ಕಾಗದ ಹಾಕುವುದನ್ನು ಬಿಟ್ಟಿದ್ದ ಜನ ಡಬ್ಬವನ್ನು ಮಾತ್ರ ಮನೆಗೆ ಹೊತ್ತುಕೊಂಡು ಹೋದರು. ಆ ಡಬ್ಬದ ಮೇಲೆ ಅವರಿಗೆ ಇದ್ದ ಅಕ್ಕರೆ ಸುಳ್ಳಲ್ಲ.

ಆ ಡಬ್ಬದ ಜಾಗದಲ್ಲಿ ಈಗ ಏನಿದೆ, ಅದು ಎಷ್ಟರಮಟ್ಟಿಗೆ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದು ಇಲ್ಲಿನ ವಿಷಯ. ಮೂರು ಸೇವೆಗಳನ್ನು ಒಟ್ಟಿಗೆ ನೋಡಬೇಕು: ಸರ್ಕಾರದ ಡಿಜಿಟಲ್ ಪೋಸ್ಟ್, ಅದರ ಬೀಗದ ಕೈಯಾದ ಮಿಟ್‌ಐಡಿ ಎಂಬ ಡಿಜಿಟಲ್ ಗುರುತು, ಮತ್ತು ಕಾಗದ ಕಳಿಸಲು ಉಳಿದಿರುವ ದಾವೊ ಸಂಸ್ಥೆ. ಒಂದು ಕೆಟ್ಟರೆ ಉಳಿದೆರಡರ ಮೇಲೆ ಭಾರ ಬೀಳುವುದರಿಂದ ಬಿಡಿಬಿಡಿಯಾಗಿ ತೂಗಿ ಪ್ರಯೋಜನವಿಲ್ಲ.

ತೀರ್ಪನ್ನು ಮೊದಲೇ ಹೇಳುವುದಾದರೆ, ಕೈಯಲ್ಲಿ ಸರಿಯಾದ ಫೋನು, ನೆಟ್ಟಗೆ ನಡೆಯುವ ಮಿಟ್‌ಐಡಿ ಮತ್ತು ಡೇನಿಶ್ ಭಾಷೆ ಇರುವವರಿಗೆ ಇದಕ್ಕಿಂತ ಒಳ್ಳೆಯ ಸರ್ಕಾರಿ ಅಂಚೆ ಸಿಗುವುದು ಕಷ್ಟ. ಈ ಮೂರರಲ್ಲಿ ಒಂದು ತಪ್ಪಿದರೂ ಕೆಲಸ ಮನೆಯವರ ತಲೆಗೆ ಬೀಳುತ್ತದೆ. ಆ ಭಾರವನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ಕಾಗದ ಸತ್ತದ್ದು ಹೇಗೆ

2000ದಲ್ಲಿ ಡೆನ್ಮಾರ್ಕಿನಲ್ಲಿ ಸುಮಾರು 140 ಕೋಟಿ ಪತ್ರ ಓಡಾಡಿದ್ದವು. 2024ರಲ್ಲಿ ಉಳಿದದ್ದು 11 ಕೋಟಿ. 60 ಲಕ್ಷ ಜನರ ದೇಶದಲ್ಲಿ ಇದು ತಲೆಗೆ ವರ್ಷಕ್ಕೆ ಇಪ್ಪತ್ತೂ ಇಲ್ಲ. ಹೀಗೆ ಇಳಿಯಲು ಮುಖ್ಯ ಕಾರಣ ಸರ್ಕಾರವೇ. 2014ರ ನವೆಂಬರ್ 1ರಿಂದ 15 ವರ್ಷ ದಾಟಿದ ಪ್ರತಿಯೊಬ್ಬರಿಗೂ ಸರ್ಕಾರಿ ಪತ್ರ ಡಿಜಿಟಲ್ ಆಗಿಯೇ ಬರಬೇಕೆಂದು ಕಡ್ಡಾಯ ಮಾಡಿದರು. ಅತಿ ದೊಡ್ಡ ಗಿರಾಕಿಯೇ ಅಂಗಡಿ ಬಿಟ್ಟಂತಾಯಿತು.

ಎರಡನೇ ಪೆಟ್ಟು 2024ರ ಜನವರಿ 1ರ ಹೊಸ ಅಂಚೆ ಕಾನೂನು. ಎಲ್ಲರ ಮನೆಗೂ ಕಾಗದ ಮುಟ್ಟಿಸಲೇಬೇಕೆಂದು ಪೋಸ್ಟ್‌ನೋರ್ಡ್ ಮೇಲಿದ್ದ ಹೊಣೆ ಹೋಯಿತು, ಮಾರುಕಟ್ಟೆ ತೆರೆಯಿತು. ಅಂಚೆಗಿದ್ದ ತೆರಿಗೆ ವಿನಾಯಿತಿಯೂ ಹೋಗಿ ಶೇ 25ರ ಮಾರಾಟ ತೆರಿಗೆ ಬಿತ್ತು. ಒಂದು ಸಾಮಾನ್ಯ ಪತ್ರದ ದರ 29 ಕ್ರೋನರ್‌ಗೆ ಏರಿತು. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 400 ರೂಪಾಯಿ. ಐದು ರೂಪಾಯಿ ಲಕೋಟೆಯ ಲೆಕ್ಕದಲ್ಲಿ ಬೆಳೆದವರಿಗೆ ಇದು ನಂಬಲಾಗದ ಮೊತ್ತ. ದರ ಏರಿದಷ್ಟೂ ಕಾಗದ ಇಳಿಯಿತು, ಕಾಗದ ಇಳಿದಷ್ಟೂ ಒಂದೊಂದನ್ನು ಮುಟ್ಟಿಸುವ ಖರ್ಚು ಏರಿತು. 2025ರ ಮಾರ್ಚ್ 6ರಂದು ಪೋಸ್ಟ್‌ನೋರ್ಡ್ ಕೈಚೆಲ್ಲಿತು. 4,600 ನೌಕರರಲ್ಲಿ 1,500 ಜನರ ಕೆಲಸ ಹೋಗುತ್ತದೆಂದೂ ಅದೇ ದಿನ ಹೇಳಿತು. ಸಂಸ್ಥೆ ಮುಚ್ಚಿಲ್ಲ, ಪಾರ್ಸೆಲ್ ಹಂಚುತ್ತಿದೆ. ಶೇ 60ರಷ್ಟು ಸ್ವೀಡನ್, ಶೇ 40ರಷ್ಟು ಡೆನ್ಮಾರ್ಕ್ ಸರ್ಕಾರದ ಒಡೆತನದ ಇದೇ ಸಂಸ್ಥೆ ಸ್ವೀಡನ್ನಿನಲ್ಲಿ ಇವತ್ತಿಗೂ ಕಾಗದ ಹಂಚುತ್ತದೆ.

ಡಿಜಿಟಲ್ ಪೋಸ್ಟ್: ಬಳಸಿದಾಗ ಕಾಣುವುದು

ಇದನ್ನು ಇಮೇಲ್ ಎಂದುಕೊಂಡರೆ ಮೊದಲ ಹೆಜ್ಜೆಯೇ ತಪ್ಪುತ್ತದೆ. ಇದು ಸರ್ಕಾರ ನಡೆಸುವ, ಬೀಗ ಹಾಕಿದ ಟಪಾಲು ಪೆಟ್ಟಿಗೆ. ತೆರಿಗೆ ಇಲಾಖೆ, ನಗರಸಭೆ, ಆಸ್ಪತ್ರೆ, ಶಾಲೆ, ಪೊಲೀಸ್ ಎಲ್ಲರ ಪತ್ರವೂ ಇಲ್ಲಿಗೇ ಬರುತ್ತದೆ. 2025ರ ಜುಲೈ 1ರ ನಂತರ 18 ತುಂಬಿದ ಹುಡುಗಿಯರನ್ನೂ ಡೆನ್ಮಾರ್ಕ್ ಕಡ್ಡಾಯ ಸೇನಾಸೇವೆಯ ಚೀಟಿ ಎತ್ತುವ ವ್ಯವಸ್ಥೆಗೆ ಸೇರಿಸಿತು. ಸೇನೆಯ ಕರೆಯೋಲೆ ಬರುವುದೂ ಇದೇ ಪೆಟ್ಟಿಗೆಗೆ.

ಒಳ್ಳೆಯದನ್ನು ಬಾಯಿ ತುಂಬ ಹೇಳಬೇಕು. ಪತ್ರ ಕಳೆದುಹೋಗುವುದಿಲ್ಲ, ಮನೆ ಬದಲಿಸಿದರೆ ಬೆನ್ನಟ್ಟಿಕೊಂಡು ಬರುತ್ತದೆ, ಆರು ವರ್ಷದ ಹಿಂದಿನ ತೀರ್ಮಾನವನ್ನೂ ಹುಡುಕಿ ತೆಗೆಯಬಹುದು. ಕಚೇರಿ ಅವಕಾಶ ಕೊಟ್ಟಿದ್ದರೆ ಅಲ್ಲೇ ಉತ್ತರ ಬರೆದು ದಾಖಲೆ ಲಗತ್ತಿಸಬಹುದು. ಉತ್ತರ ಹೋದದ್ದಕ್ಕೆ ಗುರುತು ಉಳಿಯುವುದರಿಂದ ‘ನಿಮ್ಮ ಕಾಗದ ನಮಗೆ ಸಿಗಲೇ ಇಲ್ಲ’ ಎಂದು ಗುಮಾಸ್ತ ಹೇಳುವ ಹಾಗಿಲ್ಲ. ರಿಜಿಸ್ಟರ್ಡ್ ಪೋಸ್ಟ್ ರಸೀದಿಯನ್ನು ಹತ್ತು ವರ್ಷ ಬೀರುವಿನಲ್ಲಿ ಕಾಪಾಡಿದ ಯಾರಿಗಾದರೂ ಇದರ ಬೆಲೆ ಗೊತ್ತಾಗುತ್ತದೆ.

ಇನ್ನು ಎಡವುವ ಜಾಗಗಳು. ಇದೇ ಪೆಟ್ಟಿಗೆಗೆ ನಾಲ್ಕು ಬಾಗಿಲು ಇವೆ: ಬೋರ್ಗರ್ ಡಾಟ್ ಡಿಕೆ ಎಂಬ ಸರ್ಕಾರಿ ತಾಣ, ಡಿಜಿಟಲ್ ಪೋಸ್ಟ್ ಆಪ್, ಇ-ಬೋಕ್ಸ್, ಮಿಟ್ ಡಾಟ್ ಡಿಕೆ. ಸರ್ಕಾರಿ ಪತ್ರ ನಾಲ್ಕರಲ್ಲೂ ಕಾಣುತ್ತದೆ. ಬ್ಯಾಂಕು, ವಿಮೆ, ಸಂಬಳದ ಚೀಟಿ ಇಂಥ ಖಾಸಗಿ ಪತ್ರಗಳು ಮಾತ್ರ ಕೊನೆಯ ಎರಡರಲ್ಲಿ, ಅದೂ ಕಳಿಸುವವರು ಆರಿಸಿಕೊಂಡ ಕಡೆ ಬರುತ್ತವೆ. ಸರ್ಕಾರಿ ಆಪ್ ಒಂದನ್ನೇ ಇಟ್ಟುಕೊಂಡು ‘ಎಲ್ಲ ಇಲ್ಲೇ ಬರುತ್ತದೆ’ ಎಂದು ಕುಳಿತವರಿಗೆ ವಿಮೆಯ ಪತ್ರ ಕಣ್ಣಿಗೇ ಬೀಳುವುದಿಲ್ಲ. ಹೊಸಬರು ಮೊದಲ ತಿಂಗಳು ನಾಲ್ಕನ್ನೂ ತೆರೆದು, ಯಾರ ಪತ್ರ ಎಲ್ಲಿಗೆ ಬರುತ್ತದೆಂದು ನೋಡಿಕೊಂಡು, ಆಮೇಲೆ ಒಂದನ್ನು ನೆಚ್ಚಿಕೊಳ್ಳುವುದು ಒಳ್ಳೆಯದು.

ಇದಕ್ಕಿಂತ ದೊಡ್ಡದು ಕಾನೂನಿನ ಒಂದು ವಾಕ್ಯ. ಪತ್ರ ಪೆಟ್ಟಿಗೆಗೆ ಬಂದು ತೆರೆಯಲು ಸಿಕ್ಕ ಕ್ಷಣವೇ ಅದು ನಿಮಗೆ ತಲುಪಿದಂತೆ. ನೀವು ತೆರೆದಿರಾ, ಓದಿದಿರಾ ಎಂಬುದು ಲೆಕ್ಕಕ್ಕಿಲ್ಲ. ಸಾಮಾಜಿಕ ಸೌಲಭ್ಯವನ್ನು ನಗರಸಭೆ ನಿರಾಕರಿಸಿದರೆ ಮೇಲ್ಮನವಿಗೆ ಸಾಮಾನ್ಯವಾಗಿ 4 ವಾರ. ಆ ಗಡಿಯಾರ ಪತ್ರ ಬಂದ ದಿನದಿಂದಲೇ ಓಡುತ್ತದೆ. ಅಂಚೆಯವನು ಬಾಗಿಲು ತಟ್ಟುವುದಿಲ್ಲ, ಪೆಟ್ಟಿಗೆಯ ಸೀಳಿನಲ್ಲಿ ಬಿಳಿ ತುದಿ ಇಣುಕುವುದಿಲ್ಲ. ಆದ್ದರಿಂದ ಸೂಚನೆಯ ಸಾಲು, ಅಂದರೆ ಎಸ್ಸೆಮ್ಮೆಸ್ ಮತ್ತು ಇಮೇಲ್ ಎರಡನ್ನೂ, ಮೊದಲ ದಿನವೇ ಚಾಲೂ ಮಾಡಿಕೊಳ್ಳಬೇಕು. ಫೋನ್ ನಂಬರು ಬದಲಾದಾಗಲೆಲ್ಲ ಇಲ್ಲೂ ಬದಲಿಸಬೇಕು. ಸಿಮ್ ಬದಲಿಸಿದಾಗ ಬ್ಯಾಂಕಿಗೂ ಆಫೀಸಿಗೂ ಹೇಳಿ ಇದನ್ನು ಮರೆತುಬಿಡುವುದೇ ಗಡುವು ತಪ್ಪುವ ಸುಲಭದ ದಾರಿ.

ಮಿಟ್‌ಐಡಿ: ಒಂದೇ ಬೀಗದ ಕೈ

ಸರ್ಕಾರ ಮತ್ತು ಬ್ಯಾಂಕುಗಳು ಕೂಡಿ ಕಟ್ಟಿದ ಈ ಗುರುತಿನ ವ್ಯವಸ್ಥೆ 2021ರ ಅಕ್ಟೋಬರ್‌ನಲ್ಲಿ ಶುರುವಾಗಿ, ಹಳೆಯ ನೆಮ್‌ಐಡಿಯನ್ನು 2023ರ ಅಕ್ಟೋಬರ್ ಕೊನೆಗೆ ಪೂರ್ತಿ ಬದಿಗೆ ಸರಿಸಿತು. 15 ದಾಟಿದವರಲ್ಲಿ ಶೇ 97ರಷ್ಟು ಜನ ಇದರಲ್ಲಿದ್ದಾರೆ. ಅಂಚೆ, ಬ್ಯಾಂಕು, ತೆರಿಗೆ, ವೈದ್ಯರ ದಾಖಲೆ ಎಲ್ಲಕ್ಕೂ ಇದೊಂದೇ ಕೀಲಿ.

ಬಳಕೆ ಹೀಗೆ. ಕಂಪ್ಯೂಟರಿನಲ್ಲಿ ಬಳಕೆದಾರ ಹೆಸರು ಹೊಡೆದು ಒತ್ತಿದಿರಿ. ಫೋನಿನಲ್ಲಿ ಆಪ್ ತೆರೆದು ಆರಂಕಿ ಪಿನ್ ಅಥವಾ ಬೆರಳಚ್ಚು ಕೊಟ್ಟಿರಿ. ಕಂಪ್ಯೂಟರಿನ ಪರದೆಯಲ್ಲಿ ಅಲುಗಾಡುವ ಕ್ಯೂಆರ್ ಕೋಡ್ ಮೂಡುತ್ತದೆ, ಅದನ್ನು ಆಪ್‌ನಿಂದಲೇ ಸ್ಕ್ಯಾನ್ ಮಾಡಬೇಕು. ಕೊನೆಗೆ ಬೆರಳಿನಿಂದ ಪಕ್ಕಕ್ಕೆ ಸರಿಸಿ ಒಪ್ಪಿಗೆ. ಎಲ್ಲ ಸೇರಿ ಹತ್ತು ಹದಿನೈದು ಸೆಕೆಂಡು. ಕ್ಯೂಆರ್ ಹೆಜ್ಜೆ ಸೇರಿಸಿದ್ದು ಮೋಸಗಾರರಿಗಾಗಿ. ಬ್ಯಾಂಕಿನವರು ಎಂದು ಫೋನ್ ಮಾಡಿ ‘ಈಗ ಒಪ್ಪಿಗೆ ಒತ್ತಿ’ ಎನ್ನುವವನು ತನ್ನ ಪರದೆಯ ಮುಂದೆ ಕುಳಿತಿರುತ್ತಾನೆ, ನಿಮ್ಮ ಕ್ಯಾಮೆರಾಗೆ ಆ ಪರದೆ ಸಿಗುವುದಿಲ್ಲ. ನಮ್ಮ ಓಟಿಪಿ ಮೋಸಗಳನ್ನು ಕಂಡವರಿಗೆ ಈ ಒಂದು ಹೆಜ್ಜೆ ಎಷ್ಟು ಜಾಣತನದ್ದು ಎಂದು ತಿಳಿಯುತ್ತದೆ. ಆದರೂ ನಿಯಮ ಒಂದೇ: ನೀವಾಗಿ ಶುರು ಮಾಡದ ಕೆಲಸಕ್ಕೆ ಎಂದೂ ಒಪ್ಪಿಗೆ ಸರಿಸಬೇಡಿ.

ಕೆಡುವುದು ಸಾಮಾನ್ಯವಾಗಿ ಫೋನ್ ಬದಲಿಸುವ ದಿನ. ಹಳೆಯ ಫೋನನ್ನು ಅಳಿಸಿ ಮಾರಿದ ಮೇಲೆ ಹೊಸದರಲ್ಲಿ ಆಪ್ ಹಾಕಿದರೆ, ಒಪ್ಪಿಗೆ ಕೊಡಬೇಕಾದ ಹಳೆಯ ಆಪ್ ಇರುವುದೇ ಇಲ್ಲ. ಕ್ರಮ ತಿರುಗಾಮುರುಗಾ ಆಗಬಾರದು: ಮೊದಲು ಹೊಸದರಲ್ಲಿ ಆಪ್, ಹಳೆಯದರಿಂದ ಒಪ್ಪಿಗೆ, ಹೊಸದರಿಂದ ಒಮ್ಮೆ ಲಾಗಿನ್ ಆಗಿ ನೋಡಿ, ಆಮೇಲೆ ಹಳೆಯದನ್ನು ಅಳಿಸುವುದು. ಮನೆಯಲ್ಲಿ ಟ್ಯಾಬ್ಲೆಟ್ ಇದ್ದರೆ ಅದರಲ್ಲೂ ಆಪ್ ಹಾಕಿಡಿ. ಬಳಕೆದಾರ ಹೆಸರನ್ನು ಕಾಗದದ ಮೇಲೆ ಬರೆದಿಡಿ. ಪಿನ್ ಮಾತ್ರ ಬರೆಯಬೇಡಿ.

ಆಪ್ ಬೇಡ ಎನ್ನುವವರಿಗೆ ಕೋಡ್ ತೋರಿಸುವ ಪುಟ್ಟ ಉಪಕರಣವಿದೆ. ಕೀಲಿ ಗೊಂಚಲಿಗೆ ಸಿಕ್ಕಿಸುವಷ್ಟು ಚಿಕ್ಕದು, ಗುಂಡಿ ಒತ್ತಿದರೆ ಆರಂಕಿ ಮೂಡುತ್ತದೆ. ಪಾಸ್‌ವರ್ಡ್ ಮತ್ತು ಆ ಅಂಕಿ ಎರಡೂ ಕೊಟ್ಟರೆ ಒಳಗೆ. ಕಣ್ಣು ಮಂದವಾದವರಿಗೆ ಅಂಕಿಯನ್ನು ಗಟ್ಟಿಯಾಗಿ ಓದಿ ಹೇಳುವ ಇನ್ನೊಂದು ಉಪಕರಣವೂ ಇದೆ. ಇವನ್ನು ಹಿರಿಯರಿಗೆ ಮಾತ್ರ ಎಂದು ತಿಳಿಯಬೇಡಿ. ಬೇರೆಲ್ಲೂ ಆಪ್ ಇಲ್ಲದಿದ್ದರೆ, ಫೋನ್ ಕಳುವಾದ ಭಾನುವಾರ ರಾತ್ರಿ ಬ್ಯಾಂಕಿನೊಳಗೆ ಹೋಗಲು ಕೈಹಿಡಿಯುವುದು ಇದೇ. ಇಡೀ ವ್ಯವಸ್ಥೆಯಲ್ಲಿ ಅತಿ ಚೆನ್ನಾಗಿ ಮಾಡಿದ ವಸ್ತು ಯಾವುದು ಎಂದು ಕೇಳಿದರೆ ಬೆರಳ ಗಾತ್ರದ ಈ ಉಪಕರಣವನ್ನೇ ತೋರಿಸಬೇಕು.

ದಾವೊ: ಕಾಗದಕ್ಕೆ ಉಳಿದ ದಾರಿ

ಪತ್ರಿಕೆ ಹಂಚುವ ಕೆಲಸದಿಂದ ಬೆಳೆದ ದಾವೊ 2025ರಲ್ಲಿ ಸುಮಾರು 3 ಕೋಟಿ ಪತ್ರ ಹಂಚಿ, 2026ಕ್ಕೆ 8 ಕೋಟಿಗೆ ಸಿದ್ಧವಾಯಿತು. ಕಾಗದ ಕಳಿಸುವ ಅವಕಾಶ ದೇಶದಲ್ಲಿ ಇರಲೇಬೇಕೆಂದು ಕಾನೂನು ಹೇಳುತ್ತದೆ. ದಾವೊ ಬಿಟ್ಟರೆ ಸರ್ಕಾರ ಇನ್ನೊಬ್ಬರನ್ನು ನೇಮಿಸಲೇಬೇಕು. ಈ ಮಟ್ಟಿಗೆ ಕಾಗದಕ್ಕೆ ಆಸರೆ ಇದೆ.

ಬಳಕೆಯಲ್ಲಿ ಅಭ್ಯಾಸ ಬದಲಿಸಬೇಕು. ಬೀದಿಯಲ್ಲಿ ಡಬ್ಬವಿಲ್ಲ. ದಾವೊ ಜೊತೆ ಒಪ್ಪಂದವಿರುವ ಅಂಗಡಿಗೆ ಪತ್ರ ಒಯ್ದು ಕೊಡಬೇಕು, ಇಲ್ಲವೇ ಹೆಚ್ಚಿನ ಹಣ ಕೊಟ್ಟು ಮನೆಯಿಂದ ಒಯ್ಯಿಸಬೇಕು. ಅಂಚೆ ವೆಚ್ಚವನ್ನು ಆನ್‌ಲೈನ್ ಅಥವಾ ಆಪ್‌ನಲ್ಲಿ ಕಟ್ಟಬೇಕು. ಪೋಸ್ಟ್‌ನೋರ್ಡ್‌ನ ಹಳೆಯ ಸ್ಟಾಂಪು ಇಲ್ಲಿ ನಡೆಯುವುದಿಲ್ಲ. ಬಳಸದ ಸ್ಟಾಂಪಿಗೆ ಹಣ ವಾಪಸು ಕೊಡಲು ಪೋಸ್ಟ್‌ನೋರ್ಡ್ ಕೊಟ್ಟಿದ್ದು ಸೀಮಿತ ಅವಧಿ. 1851ರಲ್ಲಿ ಮೊದಲ ಸ್ಟಾಂಪು ಅಚ್ಚು ಹಾಕಿದ ದೇಶದಲ್ಲಿ ಇಂಥ ದಿನವೂ ಬಂತು.

ಇಲ್ಲಿ ಒಂದು ಸಂಕಟವಿದೆ, ಅದನ್ನು ಮುಚ್ಚಿಡುವಂತಿಲ್ಲ. ಕಾಗದವನ್ನೇ ನೆಚ್ಚಿದವರು ಬಹುಪಾಲು ಆನ್‌ಲೈನ್ ಪಾವತಿ ಗೊತ್ತಿಲ್ಲದವರು. ಅವರ ಕಾಗದಕ್ಕೇ ಆನ್‌ಲೈನ್ ಪಾವತಿಯನ್ನು ಬಾಗಿಲಾಗಿ ಇಟ್ಟರೆ ಸೇವೆ ಇದ್ದೂ ಕೈಗೆಟುಕುವುದಿಲ್ಲ. ಇನ್ನೊಂದು ಕಡೆ, 18ರಿಂದ 34ರ ವಯಸ್ಸಿನವರು ಉಳಿದವರಿಗಿಂತ ಎರಡು ಮೂರು ಪಟ್ಟು ಹೆಚ್ಚು ಪತ್ರ ಬರೆಯುತ್ತಿದ್ದಾರೆಂದು ದಾವೊ ಹೇಳುತ್ತದೆ. ಹಳ್ಳಿಯ ಮುದುಕರ ಸೇವೆ ಎಂದುಕೊಂಡದ್ದನ್ನು ಊರಿನ ಹುಡುಗರು ಉಳಿಸುವಂತಾದರೆ ಸಂತೋಷವೇ.

ಪೆಟ್ಟಿಗೆಯ ಹೊರಗೆ ಉಳಿದವರು

ಡಿಜಿಟಲ್ ಪೋಸ್ಟ್‌ನಿಂದ ವಿನಾಯಿತಿ ಪಡೆದವರು ಸುಮಾರು ಶೇ 5. ಕಾಗದವನ್ನೇ ನೆಚ್ಚಿದವರು ಸುಮಾರು 2,71,000 ಎಂಬ ಲೆಕ್ಕ 2025ರ ಮಾರ್ಚ್‌ನಲ್ಲಿ ಚರ್ಚೆಗೆ ಬಂತು. ಹಿರಿಯರ ಸಂಘವಾದ ಎಲ್ಡ್ರೆ ಸಾಗೆನ್ ಆಗಲೇ ದನಿ ಎತ್ತಿತ್ತು. ವಿನಾಯಿತಿಗೆ ಬೋರ್ಗರ್‌ಸರ್ವಿಸ್ ಎಂಬ ನಗರಸಭೆಯ ನಾಗರಿಕ ಕೌಂಟರಿಗೆ ಹೋಗಿ ಅರ್ಜಿ ಕೊಡಬೇಕು. ಮರೆವಿನಂಥ ಕಾಯಿಲೆ, ಮನೆಯಲ್ಲಿ ಕಂಪ್ಯೂಟರ್ ಇಲ್ಲದಿರುವುದು, ಭಾಷೆಯ ತೊಡಕು, ದೇಶ ಬಿಟ್ಟು ಹೋಗುವುದು ಇವೆಲ್ಲ ಒಪ್ಪುವ ಕಾರಣಗಳು. ಭಾಷೆಯ ತೊಡಕೂ ಪಟ್ಟಿಯಲ್ಲಿದೆ ಎಂಬುದು ಹೊರಗಿನಿಂದ ಬಂದ ಅನೇಕರಿಗೆ ಗೊತ್ತೇ ಇರುವುದಿಲ್ಲ.

ಇನ್ನೊಂದು ದಾರಿ, ಮಗನಿಗೋ ಮಗಳಿಗೋ ಓದುವ ಅನುಮತಿ ಕೊಡುವುದು. ಮಿಟ್‌ಐಡಿ ಇರುವವರು ಡಿಜಿಟಲ್ ಪೋಸ್ಟ್‌ನಲ್ಲೇ ಕೊಡಬಹುದು, ಇಲ್ಲದವರು ಬೋರ್ಗರ್‌ಸರ್ವಿಸ್‌ನಲ್ಲಿ ಕಾಗದದ ಅಧಿಕಾರಪತ್ರಕ್ಕೆ ಸಹಿ ಹಾಕಬಹುದು. ಕೊಡುವ ಮುನ್ನ ಒಂದು ಮಾತು ನೆನಪಿರಲಿ: ಆಸ್ಪತ್ರೆಯ ಪತ್ರವೂ ಅವರ ಕಣ್ಣಿಗೆ ಬೀಳುತ್ತದೆ. ಪಿನ್ ಹೇಳಿಕೊಟ್ಟು ‘ನೀನೇ ನೋಡಿಕೋ’ ಎನ್ನುವುದು ಮಾತ್ರ ಖಂಡಿತ ಬೇಡ. ನಿಯಮಕ್ಕೆ ವಿರುದ್ಧ ಎಂಬುದಷ್ಟೇ ಅಲ್ಲ, ಅದೇ ಪಿನ್ ಬ್ಯಾಂಕನ್ನೂ ತೆರೆಯುತ್ತದೆ.

2025ರ ಮೇ 22ರಂದು ಡೇನಿಶ್ ಸಂಸತ್ತು 81–21 ಮತಗಳಿಂದ ನಿವೃತ್ತಿ ವಯಸ್ಸನ್ನು 2040ಕ್ಕೆ 70 ಮಾಡಲು ಒಪ್ಪಿತು. ಇನ್ನು ಮುಂದಿನ ಹಿರಿಯರು ಎಪ್ಪತ್ತರವರೆಗೆ ಕೆಲಸದಲ್ಲಿದ್ದು ಫೋನಿನಲ್ಲೇ ಪಳಗಿರುತ್ತಾರೆ, ಕಾಗದದ ಬೇಡಿಕೆ ತಾನಾಗಿ ಕರಗುತ್ತದೆ ಎಂದು ವಾದಿಸಬಹುದು. ಆದರೆ ಎಂಬತ್ತೈದರ ಕೈನಡುಕಕ್ಕೂ ಮರೆವಿಗೂ ಈ ಅಭ್ಯಾಸ ಮದ್ದಲ್ಲ. ವಿನಾಯಿತಿಯ ಸಾಲು ಚಿಕ್ಕದಾದೀತು, ಅಳಿಯುವುದಿಲ್ಲ.

ಇನ್ನೂ ಒಂದು ಚಿಂತೆ. 2024ರ ಜೂನ್‌ನಲ್ಲಿ ಸರ್ಕಾರ ಪ್ರತಿ ಮನೆಯೂ ಮೂರು ದಿನ ತನ್ನ ಕಾಲ ಮೇಲೆ ನಿಲ್ಲುವಂತೆ ಸಿದ್ಧವಾಗಿರಲು ಹೇಳಿತು: ತಲೆಗೆ ದಿನಕ್ಕೆ 3 ಲೀಟರ್ ನೀರು, ಔಷಧಿ, ಬ್ಯಾಟರಿ ರೇಡಿಯೋ, ಸ್ವಲ್ಪ ನಗದು. ಆ ಸಲಹೆ ಹೋದದ್ದು ಡಿಜಿಟಲ್ ಪೋಸ್ಟ್‌ನಲ್ಲಿ. ಕರೆಂಟು ಹೋದಾಗ ಓದಬೇಕಾದ ಪುಟ ಅದು. ಬಂದ ದಿನವೇ ಅಚ್ಚು ಹಾಕಿ ಅಡುಗೆಮನೆ ಗೋಡೆಗೆ ಅಂಟಿಸಿದವರೇ ಸರಿಯಾಗಿ ಬಳಸಿದವರು.

ಕರ್ನಾಟಕದಿಂದ ಹೋಗುವವರಿಗೆ

ಓದಿಗೋ ಕೆಲಸಕ್ಕೋ ಹೋದವರು ಮೊದಲು ಪಡೆಯುವುದು ಸಿಪಿಆರ್ ಎಂಬ ಹತ್ತಂಕಿಯ ನಾಗರಿಕ ನೋಂದಣಿ ಸಂಖ್ಯೆ. ಕೋಪನ್‌ಹೇಗನ್, ಓರ್ಹುಸ್, ಓಡೆನ್ಸೆ, ಓಲ್ಬೋರ್ಗ್ ಊರುಗಳಲ್ಲಿ ಹೊರದೇಶದವರಿಗೆಂದೇ ಒಂದೇ ಸೂರಿನಡಿ ಕೌಂಟರುಗಳಿವೆ. ಮಿಟ್‌ಐಡಿಯನ್ನು ಆಪ್‌ನಲ್ಲಿ ಪಡೆಯಲು ಪಾಸ್‌ಪೋರ್ಟಿನ ಚಿಪ್ ಸ್ಕ್ಯಾನ್ ಆಗಬೇಕು. ಚಿಪ್ ಇಲ್ಲದ ಹಳೆಯ ಭಾರತೀಯ ಪಾಸ್‌ಪೋರ್ಟ್ ಇದ್ದವರು ಅದರಲ್ಲಿ ಒದ್ದಾಡದೆ, ಪಾಸ್‌ಪೋರ್ಟ್ ಮತ್ತು ವಾಸದ ಪರವಾನಗಿ ಕಾರ್ಡ್ ಹಿಡಿದು ಬೋರ್ಗರ್‌ಸರ್ವಿಸ್‌ಗೆ ಸಮಯ ಗೊತ್ತು ಮಾಡಿಕೊಂಡು ಹೋಗುವುದೇ ಹತ್ತಿರದ ದಾರಿ.

ಹಳದಿ ಆರೋಗ್ಯ ಕಾರ್ಡು ಮತ್ತು ಬ್ಯಾಂಕಿನ ಕಾರ್ಡು ಬರುವುದು ಕಾಗದದ ಅಂಚೆಯಲ್ಲೇ. ಹೊಸಬರು ಎಡವುವುದು ಇಲ್ಲಿ: ಮನೆಯ ಟಪಾಲು ಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ಹಂಚುವವರು ಪತ್ರ ಹಾಕದೆ ವಾಪಸು ಕಳಿಸಬಹುದು. ಬಾಡಿಗೆಗೆ ಕೋಣೆ ಹಿಡಿದವರು ಮನೆ ಮಾಲೀಕರ ಹೆಸರಿನ ಕೆಳಗೆ ತಮ್ಮ ಪೂರ್ತಿ ಹೆಸರನ್ನು, ಪಾಸ್‌ಪೋರ್ಟಿನಲ್ಲಿ ಇರುವಂತೆಯೇ, ಚೀಟಿ ಬರೆದು ಅಂಟಿಸಿ. ಇನಿಷಿಯಲ್ ಮುಂದೆ ಹಿಂದೆ ಆದರೂ ಗೊಂದಲವೇ.

ಊರಿಂದ ಏನಾದರೂ ಕಳಿಸುವಾಗ ವಿಳಾಸದಲ್ಲಿ ಬೀದಿ ಮತ್ತು ಕಟ್ಟಡ ಸಂಖ್ಯೆಯ ಜೊತೆ ಮಹಡಿ ಮತ್ತು ಪಕ್ಕವನ್ನೂ ಬರೆಯಬೇಕು. ಡೇನಿಶ್‌ನಲ್ಲಿ ‘ಮೂರು, ಟಿವಿ’ ಎಂದರೆ ಮೂರನೇ ಮಹಡಿ, ಮೆಟ್ಟಿಲು ಹತ್ತಿದಾಗ ಎಡಗಡೆ ಮನೆ. ‘ಟಿಎಚ್’ ಬಲಗಡೆ, ‘ಎಂಎಫ್’ ನಡುವಿನದು, ‘ಎಸ್‌ಟಿ’ ನೆಲಮಟ್ಟ. ಈ ಎರಡಕ್ಷರ ಬಿಟ್ಟರೆ ಒಂದೇ ಸಂಖ್ಯೆಯ ಕಟ್ಟಡದಲ್ಲಿ ಹತ್ತು ಮನೆ. ಆಮೇಲೆ ನಾಲ್ಕಂಕಿಯ ಪಿನ್‌ಕೋಡ್, ಊರು. ಹೊರದೇಶದ ಕಾಗದಗಳ ಹೊಣೆಯೂ 2026ರಿಂದ ದಾವೊ ಮೇಲಿದೆ.

ಕೆಲಸ ಮುಗಿಸಿ ಬೆಂಗಳೂರಿಗೋ ಧಾರವಾಡಕ್ಕೋ ಮರಳುವವರ ತಾಪತ್ರಯ ಬೇರೆ. ಡೇನಿಶ್ ಸಿಮ್ ಸತ್ತರೂ ಮಿಟ್‌ಐಡಿ ಆಪ್ ಇಂಟರ್ನೆಟ್‌ನಲ್ಲಿ ನಡೆಯುತ್ತದೆ, ಸತ್ತು ಹೋಗುವುದು ಸೂಚನೆಯ ಎಸ್ಸೆಮ್ಮೆಸ್. ತೆರಿಗೆಯ ವಾರ್ಷಿಕ ಲೆಕ್ಕ ಬರುವುದು ಮರು ವರ್ಷದ ಮಾರ್ಚ್‌ನಲ್ಲಿ. ಅಷ್ಟರಲ್ಲಿ ನೀವು ಊರಲ್ಲಿರುತ್ತೀರಿ, ವಾಪಸು ಬರಬೇಕಾದ ಹಣವೋ ಕಟ್ಟಬೇಕಾದ ಬಾಕಿಯೋ ಪೆಟ್ಟಿಗೆಯಲ್ಲಿ ಕೂತಿರುತ್ತದೆ. ವಿಮಾನ ಹತ್ತುವ ಮುನ್ನ ಮಿಟ್‌ಐಡಿ ಮತ್ತು ಡಿಜಿಟಲ್ ಪೋಸ್ಟ್ ಎರಡರಲ್ಲೂ ಇಮೇಲ್ ವಿಳಾಸ ಸರಿಪಡಿಸಿ, ಸರ್ಕಾರದ ಹಣ ಬಂದು ಬೀಳುವ ನೆಮ್‌ಕೊಂಟೊ ಖಾತೆಯನ್ನು ಮುಚ್ಚದೆ ಬಿಡಿ ಅಥವಾ ಬೇರೆ ಖಾತೆಗೆ ಬದಲಿಸಿ, ಕೋಡ್ ತೋರಿಸುವ ಪುಟ್ಟ ಉಪಕರಣವನ್ನು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಳ್ಳಿ.